ಹಿಮದ ಎಂಜಿನ್ನಿಗೆ ಕೆರೆಯ ನೀರು

ಊರಿಗೆ ಬಂದಾಗಿನಿಂದ ಎಲ್ಲರೂ ಕೇಳುವುದು ಒಂದೇ. ಕಾಂಗರೂ ನೋಡಿದೆಯಾ? ನೋಡಿದೆ. ರಸ್ತೆ ಬದಿಯಲ್ಲಿ ಸತ್ತು ಬಿದ್ದಿತ್ತು. ಅಲ್ಲಿನ ಸಮುದ್ರ ಹೇಗುಂಟು? ಉಪ್ಪುಂಟು. ಹೆಚ್ಚು ಬೇಕಾದವರು ಮೊಬೈಲಿನಲ್ಲಿ ನೋಡಿಕೊಳ್ಳಿ, ಅದು ನನಗಿಂತ ಚೆನ್ನಾಗಿ ತೋರಿಸುತ್ತದೆ. ನಾನು ಆಸ್ಟ್ರೇಲಿಯಾ ನೋಡಲು ಹೋದವನಲ್ಲ. ಒಂದು ಎಂಜಿನ್ ನೋಡಲು ಹೋದವನು. ಹೇಳುವುದಿದ್ದರೆ ಅದರದ್ದೇ ಹೇಳಬೇಕು.

ನನ್ನ ಹೆಸರು ಸುಕೇಶ. ಮಲ್ಪೆ ಬಂದರಿನಲ್ಲಿ ನಾಡದೋಣಿಗಳ ಎಂಜಿನ್ ರಿಪೇರಿ ಮಾಡುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದೆ. ಅಕ್ಕ ವನಿತಾ ಮದುವೆಯಾಗಿ ಸಿಡ್ನಿಯಲ್ಲಿದ್ದಾಳೆ. ಭಾವ ದಿನಕರ ಅಲ್ಲೊಂದು ಲ್ಯಾಬಿನಲ್ಲಿ ಜನರ ರಕ್ತ ಪರೀಕ್ಷೆ ಮಾಡುತ್ತಾರೆ. ಹಗಲಿಡೀ ರಕ್ತ ನೋಡುವ ಮನುಷ್ಯನಿಗೆ ದೋಣಿ ರೇಸಿನ ಹುಚ್ಚು ಎಲ್ಲಿಂದ ಹಿಡಿಯಿತೋ ಗೊತ್ತಿಲ್ಲ. ಟಿಕೆಟ್ ಕಳಿಸಿ ನನ್ನನ್ನು ಕರೆಸಿದ್ದು ಅವರೇ.

ಸಿಡ್ನಿ ಏರ್‌ಪೋರ್ಟ್

ನನ್ನ ಬ್ಯಾಗಿನಲ್ಲಿ ಬಟ್ಟೆ ಕಡಿಮೆ, ಸ್ಪ್ಯಾನರ್ ಹೆಚ್ಚು. ಬೇರೆಯವರ ಸ್ಪ್ಯಾನರಿನಲ್ಲಿ ನನಗೆ ಕೈ ಓಡುವುದಿಲ್ಲ. ಆಫೀಸರ್ ಹೆಂಗಸು ಒಂದೊಂದೇ ತೆಗೆದು ನೋಡಿದಳು. ಹದಿನೇಳರ ರಿಂಗ್ ಸ್ಪ್ಯಾನರಿನಲ್ಲಿ ಎಂಥದ್ದೋ ಅಂಟಿಕೊಂಡಿತ್ತು.

"ಇದೇನು?" ಎಂದು ಕೇಳಿದಳು.

"ಫಿಶ್," ಎಂದೆ.

ಬಂಗುಡೆಯ ಪೊರೆ. ಯಾವ ವರ್ಷದ್ದೋ. ಅವಳು ನಗಲಿಲ್ಲ, ಬಯ್ಯಲೂ ಇಲ್ಲ. ಎಲ್ಲವನ್ನೂ ಒಂದು ಟ್ರೇಯಲ್ಲಿ ಒಳಗೆ ತೆಗೆದುಕೊಂಡು ಹೋದಳು. ಹೋಯಿತು ಅಂದುಕೊಂಡೆ. ಅರ್ಧ ಗಂಟೆ ಬಿಟ್ಟು ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಸೈಜಿನ ಪ್ರಕಾರ ಜೋಡಿಸಿ ತಂದುಕೊಟ್ಟಳು. ಕೊಂಡ ದಿನವೂ ಅವು ಅಷ್ಟು ಹೊಳೆದಿರಲಿಲ್ಲ. ಆ ದೇಶದ ಬಗ್ಗೆ ಏನು ಕೇಳಿದರೂ ನನಗೆ ಮೊದಲು ನೆನಪಾಗುವುದು ಇದೇ.

ಗಿರಾವೀನ್, ಗ್ಯಾರೇಜು

ಅಕ್ಕನ ಮನೆ ಗಿರಾವೀನ್‌ನಲ್ಲಿ. ಆ ಸಬರ್ಬಿನಲ್ಲಿ ನಡೆದರೆ ಪ್ರತಿ ಎರಡನೇ ಮನೆಯಿಂದ ಒಗ್ಗರಣೆ ವಾಸನೆ ಬರುತ್ತದೆ. ಮನೆಗೊಂದು ಗ್ಯಾರೇಜು ಉಂಟು. ಆದರೆ ಕಾರು ಬೀದಿಯಲ್ಲಿ ನಿಲ್ಲುತ್ತದೆ. ಯಾಕೆಂದರೆ ಗ್ಯಾರೇಜಿನ ತುಂಬ ಭಾವನ ಕನಸು.

ಒಂದು ಬದಿಯಲ್ಲಿ ಪ್ಲೈವುಡ್ಡಿನ ಪುಟ್ಟ ದೋಣಿ. ಒಬ್ಬ ಮಂಡಿಯೂರಿ ಕೂರಬಹುದು, ಅಷ್ಟೇ ಜಾಗ. ಇನ್ನೊಂದು ಬದಿಯಲ್ಲಿ ಸ್ನೋಮೊಬೈಲ್. ಅಂದರೆ ಹಿಮದ ಮೇಲೆ ಓಡಿಸುವ ಬೈಕು. ಮುಂದೆ ಚಕ್ರದ ಬದಲು ಎರಡು ಹಲಗೆ, ಹಿಂದೆ ಮಣ್ಣು ಅಗೆಯುವ ಯಂತ್ರಕ್ಕೆ ಇರುವಂಥ ಪಟ್ಟಿ, ರಬ್ಬರಿನದು. ಮೆಲ್ಬೋರ್ನ್ ಆಚೆಯ ಬೆಟ್ಟಗಳಲ್ಲಿ ಹಿಮ ಬೀಳುತ್ತದಂತೆ. ಅಲ್ಲಿ ಓಡಿ ಓಡಿ ಹಳತಾದದ್ದನ್ನು ಮರ್ಲೀನ್ ಎಂಬ ಮುದುಕಿಯಿಂದ ಭಾವ ಕೊಂಡಿದ್ದರು.

"ರೇಸಿನ ಎಂಜಿನ್ ಹೊಸತು ತೆಗೆಯುವ ತಾಕತ್ತು ನಮಗಿಲ್ಲ, ಸುಕೇಶ," ಎಂದರು ಭಾವ. "ಇದು ಟೂ ಸ್ಟ್ರೋಕ್. ಹಗುರ. ರೇಸಿನ ಎಂಜಿನ್ನಿನಷ್ಟೇ ಕಿರುಚ್ತದೆ. ಹಳತು ಆದ ಕಾರಣ ಯಾರಿಗೂ ಬೇಡ. ಇದನ್ನು ದೋಣಿಗೆ ಕೂರಿಸ್ಲಿಕ್ಕೆ ಆಗ್ತದಾ?"

"ಆಗ್ತದೆ," ಎಂದೆ. ಎಂಜಿನ್ ಮುಟ್ಟಿರಲಿಲ್ಲ ಇನ್ನೂ.

ಮೆಲ್ಬೋರ್ನ್‌ನಿಂದ ಒಂದು ಗಂಟೆ ದೂರದಲ್ಲಿ ಒಂದು ಕೆರೆ. ಅಲ್ಲೊಂದು ಕ್ಲಬ್ಬು. ಮನೆಯಲ್ಲೇ ಕಟ್ಟಿದ ದೋಣಿಗಳಿಗೆ ಅಂತ ವರ್ಷಕ್ಕೊಂದು ರೇಸ್ ಇಡುತ್ತಾರೆ. ಭಾವ ಹೆಸರು ಕೊಟ್ಟಾಗಿತ್ತು.

ಅಕ್ಕ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಶನಿವಾರ ಶನಿವಾರ ಅಲ್ಲಿರುವ ನಮ್ಮ ಊರಿನವರಿಗೆ ಆರ್ಡರ್ ಹಿಡಿದು ಕೋರಿ ರೊಟ್ಟಿ, ನೀರುದೋಸೆ ಮಾಡಿಕೊಡುತ್ತಾಳೆ. ಅವಳ ದೊಡ್ಡ ಗ್ರೈಂಡರ್ ಮನೆಯ ಪ್ಯಾಸೇಜಿನಲ್ಲಿ ಕೂತಿತ್ತು. ಬಾತ್‌ರೂಮಿಗೆ ಹೋಗುವವರು ಅದಕ್ಕೆ ಅಡ್ಡ ತಿರುಗಿ ಹೋಗಬೇಕು.

"ತಮ್ಮ, ನಿನ್ನ ಎದುರೇ ಹೇಳ್ತೇನೆ, ಸಾಕ್ಷಿ ಆಗ್ತದೆ," ಎಂದಳು. "ಈ ಸಲ ಇವರ ದೋಣಿ ಒಂದೇ ಒಂದು ರೇಸ್ ಪೂರ್ತಿ ಮಾಡ್ಬೇಕು. ಗೆಲ್ಲುವುದು ಬೇಡ. ಗೆರೆ ದಾಟಿದರೆ ಸಾಕು, ಗ್ಯಾರೇಜ್ ಇವರದ್ದು, ನಾನು ಬಾಯಿ ಬಿಡುವುದಿಲ್ಲ. ದಾಟದಿದ್ದರೆ ಇದೆಲ್ಲ ಹೊರಗೆ, ನನ್ನ ಗ್ರೈಂಡರ್ ಒಳಗೆ."

"ಆಯ್ತು," ಎಂದರು ಭಾವ. ಮುಖ ನೋಡಿದರೆ ಕಿಡ್ನಿ ಬರೆದುಕೊಟ್ಟವರ ಹಾಗೆ.

ಭಾವ ಕೈ ತೊಳೆಯಲು ಹೋದಾಗ ಅಕ್ಕ ಹತ್ತಿರ ಬಂದಳು.

"ನೀನು ನನ್ನ ತಮ್ಮ ಅಲ್ವಾ?"

"ಹೌದು. ಎಂತಕ್ಕೆ?"

"ಎಂತ ಇಲ್ಲ. ಅದು ಸ್ಟಾರ್ಟ್ ಆಗದಿದ್ರೆ ನನಗೇನೂ ಬೇಜಾರಿಲ್ಲ ಅಂತ ಹೇಳಿದ್ದು."

ನಲ್ಲಿಯ ಶಬ್ದ ಅಷ್ಟರಲ್ಲಿ ನಿಂತಿತ್ತು. ಭಾವ ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ. ಟವೆಲ್ಲಿನಲ್ಲಿ ಕೈ ಒರೆಸುತ್ತಾ ಬಂದರು, ಬಹಳ ಹೊತ್ತು ಒರೆಸಿದರು.

ಕಬ್ಬಿಣದ ಮಂಚ

ಅಲ್ಲಿ ಒಂದು ಪದ್ಧತಿ ಉಂಟು. ಬೇಡದ ಸಾಮಾನನ್ನು ಜನ ಮನೆಯ ಮುಂದೆ ಇಡುತ್ತಾರೆ, ಕೌನ್ಸಿಲಿನ ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ. ಸೋಫಾ, ಫ್ರಿಜ್ಜು, ಮಂಚ. ಮಲ್ಪೆಯಲ್ಲಿ ಒಂದು ಮೊಳೆ ಹೊರಗೆ ಬಿದ್ದರೆ ಹತ್ತು ನಿಮಿಷ ಇರುವುದಿಲ್ಲ. ಇಲ್ಲಿ ಇಡೀ ಕಬ್ಬಿಣದ ಮಂಚ ಮೂರು ದಿನ ಮಳೆಯಲ್ಲಿ ನಿಂತಿತ್ತು. ನಾನೂ ಭಾವನೂ ಹೊತ್ತು ತಂದೆವು. ಆಚೆ ಮನೆಯ ಮುದುಕ ತೋಟದ ಕೆಲಸ ಬಿಟ್ಟು ಬಂದು ಒಂದು ಕಾಲು ಹಿಡಿದ. ಏನಕ್ಕೆ ಎಂದು ಕೇಳಲಿಲ್ಲ. ಮಂಚದ ಪಟ್ಟಿಗಳನ್ನು ಕತ್ತರಿಸಿ ದೋಣಿಯಲ್ಲಿ ಎಂಜಿನ್ ಕೂರಿಸುವ ಫ್ರೇಮ್ ಮಾಡಿದೆ.

ಉಳಿದ ಕೆಲಸ ಹೇಳುವಷ್ಟು ಕಷ್ಟದ್ದಲ್ಲ. ಸ್ನೋಮೊಬೈಲಿನಲ್ಲಿ ಎಂಜಿನ್ನಿನಿಂದ ರಬ್ಬರ್ ಪಟ್ಟಿಗೆ ಬೆಲ್ಟ್ ಹೋಗುತ್ತದೆ. ಅದನ್ನು ಕಳಚಿ, ಆ ಜಾಗಕ್ಕೆ ನೀರಿನಲ್ಲಿ ತಿರುಗಿ ದೋಣಿಯನ್ನು ತಳ್ಳುವ ಪಂಖದ ಶಾಫ್ಟ್ ಜೋಡಿಸಬೇಕು. ಹಿಮದಿಂದ ತಂಪಾಗುತ್ತಿದ್ದ ಎಂಜಿನ್ನಿಗೆ ಈಗ ಕೆರೆಯ ನೀರು ಕೊಡಬೇಕು. ದೋಣಿಯ ತಳದಿಂದ ಒಂದು ಪೈಪು ಒಳಗೆ, ಒಂದು ಹೊರಗೆ. ಇದು ನಾನು ಕಣ್ಣು ಮುಚ್ಚಿ ಮಾಡುವ ಕೆಲಸ.

ಭಾವನದು ಬೇರೆ ಕ್ರಮ. ಪ್ರತಿ ಬೋಲ್ಟಿನ ಫೋಟೋ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಹೆಸರು ಬರೆಯುತ್ತಾರೆ. ಬೋಲ್ಟ್ ಬಿಗಿಯುವಾಗ ಮೀಟರ್ ಇರುವ ಸ್ಪ್ಯಾನರ್ ಹಿಡಿಯುತ್ತಾರೆ. ನನಗೆ ಮೀಟರ್ ನನ್ನ ಮೊಣಕೈಯಲ್ಲಿ ಉಂಟು. ಇಬ್ಬರಿಗೂ ದಿನಕ್ಕೆ ನಾಲ್ಕು ಸಲ ಜಗಳ.

ಹ್ಯಾಂಡಲಿನ ಹಿಡಿಯೊಳಗೆ ಸಣ್ಣ ವೈರು ಇತ್ತು. ಏನೆಂದು ಕೇಳಿದೆ.

"ಕೈ ಬೆಚ್ಚಗೆ ಇಡ್ಲಿಕ್ಕೆ. ಹೀಟರ್."

ನಾನು ನಗಾಡಿ ಕತ್ತರಿಸಿ ಹಾಕಿದೆ. ಆಗಲೇ ಯೋಚಿಸಬೇಕಿತ್ತು. ಇದನ್ನು ಮಾಡಿದವರಿಗೆ ಚಳಿಯ ಭಯ ಉಂಟು, ನನಗೆ ಇಲ್ಲ.

ಆಮೇಲೆ ಎಂಜಿನ್ನಿನ ತಲೆಯ ಹತ್ತಿರ ಥರ್ಮೋಸ್ಟಾಟ್ ಸಿಕ್ಕಿತು. ಹಿತ್ತಾಳೆಯದು, ದೊಡ್ಡ ಬಟನ್ನಿನ ಹಾಗೆ ದುಂಡಗೆ, ಹಿಂದೆ ಒಂದು ಸ್ಪ್ರಿಂಗು. ಅದೊಂದು ಬಾಗಿಲು. ಎಂಜಿನ್ ತಣ್ಣಗಿದ್ದರೆ ಮುಚ್ಚಿ ಹೊರಗಿನ ನೀರನ್ನು ತಡೆಯುತ್ತದೆ, ಬಿಸಿಯಾದರೆ ತೆರೆಯುತ್ತದೆ. ಮಲ್ಪೆಗೆ ಯಾವ ಹೊಸ ಎಂಜಿನ್ ಬಂದರೂ ನಾವು ಮೊದಲು ಮಾಡುವ ಕೆಲಸ ಈ ಬಾಗಿಲನ್ನು ಕಿತ್ತು ಬಿಸಾಡುವುದು. ಉಪ್ಪು ಹಿಡಿದು ಅದು ಮುಚ್ಚಿಕೊಂಡೇ ಕೂರುತ್ತದೆ, ಎಂಜಿನ್ ಬೆಂದು ಹೋಗುತ್ತದೆ. ನಮ್ಮ ಗುರುಗಳು ನನಗೆ ಹೇಳಿಕೊಟ್ಟ ಮೊದಲ ಪಾಠ: ನೀರು ಎಷ್ಟು ಹೋದರೂ ಒಳ್ಳೆಯದೇ.

ಕಿತ್ತೆ. ಮೂಲೆಯ ಡಸ್ಟ್‌ಬಿನ್ನಿಗೆ ಎಸೆದೆ. ಠಣ್ ಎಂದಿತು.

"ಏ, ಅದು ಬೇಕಾಗ್ಬಹುದು," ಎಂದರು ಭಾವ. "ವೀಡಿಯೋದಲ್ಲಿ ಒಬ್ಬ ಹೇಳ್ತಾನೆ..."

"ವೀಡಿಯೋದವನು ಎಷ್ಟು ದೋಣಿ ಬಿಚ್ಚಿದ್ದಾನೆ, ಭಾವ?"

ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಒಂದು ಡ್ರಮ್ಮಿನಲ್ಲಿ ನೀರು ತುಂಬಿ ಎಂಜಿನ್ ಸ್ಟಾರ್ಟ್ ಮಾಡಿದೆವು. ಎರಡನೇ ಎಳೆತಕ್ಕೆ ಹಿಡಿಯಿತು. ಡ್ರಮ್ಮಿನ ನೀರೇ ಸುತ್ತಿ ಸುತ್ತಿ ಬಿಸಿಯಾಯಿತು. ಎಂಜಿನ್ ಎಂಥಾ ಹಾಡು ಹಾಡಿತು. ಭಾವನ ಕಣ್ಣಲ್ಲಿ ನೀರು. ಹೊಗೆಗೆ ಅಂದರು.

ಮರುದಿನ ಪೋಸ್ಟ್ ಡಬ್ಬಿಯಲ್ಲಿ ಪಕ್ಕದ ಮನೆಯವರ ಚೀಟಿ. "ಶಬ್ದ ಬಹಳ ಚೆನ್ನಾಗಿದೆ. ಬೆಳಿಗ್ಗೆ ಒಂಬತ್ತರ ನಂತರ ಇನ್ನೂ ಚೆನ್ನಾಗಿರಬಹುದು." ಕೆಳಗೆ ಒಂದು ನಗುವ ಮುಖ. ನಮ್ಮಲ್ಲಾದರೆ ಗೇಟಿಗೆ ಬಂದು ಅಜ್ಜನವರೆಗೆ ಬಯ್ದು ಹೋಗುತ್ತಿದ್ದರು, ಸಂಜೆಗೆ ಮರೆಯುತ್ತಿದ್ದರು. ಇವರು ನಗುವ ಮುಖ ಬರೆಯುತ್ತಾರೆ. ಯಾವುದು ಹೆಚ್ಚು ಹೆದರಿಕೆಯದು ಅಂತ ನನಗೆ ಈಗಲೂ ಗೊತ್ತಿಲ್ಲ.

ಮೆಲ್ಬೋರ್ನ್ ದಾರಿ

ಬುಧವಾರ ಬೆಳಕು ಹರಿಯುವಾಗ ದೋಣಿಯನ್ನು ಟ್ರೇಲರಿಗೆ ಕಟ್ಟಿ ಹೊರಟೆವು. ದಿನವಿಡೀ ರಸ್ತೆ. ಒಂದು ಹಾರ್ನ್ ಕೇಳಲಿಲ್ಲ. ಮಧ್ಯಾಹ್ನ ನಾನೇ ಕೈ ಚಾಚಿ ಒಮ್ಮೆ ಹಾರ್ನ್ ಒತ್ತಿದೆ, ನಿದ್ದೆ ಬರುತ್ತಿತ್ತು. ಮುಂದಿನ ಕಾರಿನವನು ತಾನೇನೋ ತಪ್ಪು ಮಾಡಿದೆ ಅಂದುಕೊಂಡು ಬದಿಗೆ ಹೋಗಿ ನಿಂತೇಬಿಟ್ಟ. ಭಾವ ದಾಟಿ ಹೋಗುವಾಗ ಕೈ ಎತ್ತಿ ಕ್ಷಮೆ ಕೇಳಿದರು. ಆಮೇಲೆ ನನ್ನ ಕೈಯನ್ನು ತೆಗೆದು ನನ್ನ ತೊಡೆಯ ಮೇಲೆ ಇಟ್ಟರು.

ಉಳಿದುಕೊಂಡದ್ದು ಬಾಕ್ಸ್ ಹಿಲ್‌ನಲ್ಲಿ, ಭಾವನ ಗೆಳೆಯ ಬಸವರಾಜ್ ಮನೆಯಲ್ಲಿ. ಹಾವೇರಿ ಕಡೆಯವರು. ಓದಲು ಬಂದು, ಅಲ್ಲೇ ನೆಲೆಸುವ ಪರ್ಮಿಟ್ ಸಿಕ್ಕಿ, ಈಗ ಒಂದು ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ಒಂಬತ್ತನೇ ಮಹಡಿ. ಒಬ್ಬರೇ ಇರುವುದು. ಮನೆಯಲ್ಲಿ ಇರುವುದು ಒಂದು ಟಿವಿ, ಒಂದು ಚಹಾ ಪಾತ್ರೆ.

"ಬಾ ತಮ್ಮಾ, ನೀನೇನ್ ಆ ದೊಡ್ಡ ಮೆಕ್ಯಾನಿಕ್?" ಎಂದರು. "ನಿಮ್ ಭಾವ ಫೋನ್ ಮಾಡಿದ್ರ ಸಾಕು, ಬರೇ ನಿಂದ ಮಾತು. ರಕ್ತದ ರಿಪೋರ್ಟ್ ಹೇಳ್ದಂಗ ಹೇಳ್ತಾರ."

ಕೆರೆ, ಗುರುವಾರ

ವಸಂತಕಾಲ ಅಂದರು. ನಾನು ಎರಡು ಸ್ವೆಟರ್ ಹಾಕಿದ್ದೆ. ನೀರಿಗೆ ಕಾಲಿಟ್ಟರೆ ಬಂದರಿನ ಐಸ್ ಬಾಕ್ಸಿಗೆ ಕಾಲಿಟ್ಟ ಹಾಗೆ. ಒಬ್ಬ ಅಜ್ಜ ಅದೇ ನೀರಿನಲ್ಲಿ ಚಡ್ಡಿ ಹಾಕಿ ಈಜುತ್ತಿದ್ದ, ನಮಗೆ ಗುಡ್ ಮಾರ್ನಿಂಗ್ ಅಂದ.

ಭಾವ ಹೆಲ್ಮೆಟ್ ಹಾಕಿ ದೋಣಿಯಲ್ಲಿ ಮಂಡಿಯೂರಿದರು. ಎಂಜಿನ್ ಹಿಡಿಯಿತು. ನಿಧಾನಕ್ಕೆ ಒಂದು ಸುತ್ತು ಹೋದರು. ನಾನು ದಡದಿಂದ ಕೈ ಬೀಸಿದೆ, ಕೊಡಿ, ಪೂರ್ತಿ ಕೊಡಿ ಅಂತ. ಕೊಟ್ಟರು. ದೋಣಿ ಮೂಗೆತ್ತಿ ಹಾರಿತು. ನಾನು ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಶಬ್ದ ನಿಂತಿತು. ಇಳಿಯಲಿಲ್ಲ, ನಿಂತಿತು. ಗಂಟಲು ಹಿಸುಕಿದ ಹಾಗೆ.

ಆ ಶಬ್ದ ನನಗೆ ಗೊತ್ತು. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಾಗ ಬರುವುದು.

ಹತ್ತಿರ ಬೇರೆ ಎಂಜಿನ್ ದೋಣಿ ಇರಲಿಲ್ಲ. ಹುಟ್ಟು ಹಾಕುತ್ತಿದ್ದ ಒಬ್ಬ ಹೆಂಗಸು ತನ್ನಷ್ಟಕ್ಕೇ ಬಂದು ಹಗ್ಗ ಎಸೆದಳು, ಭಾವನನ್ನು ದಡಕ್ಕೆ ಎಳೆದು ತಂದಳು, ಥ್ಯಾಂಕ್ಸ್ ಹೇಳುವ ಮೊದಲೇ ಹೋದಳು. ಇದೊಂದು ವಿಷಯದಲ್ಲಿ ಕೆರೆಯೂ ಮಲ್ಪೆಯೂ ಒಂದೇ.

ನನ್ನ ಕೈಯಲ್ಲೆಲ್ಲ ಎಣ್ಣೆ. ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಬೆರಳ ತುದಿಯಲ್ಲಿ ಸ್ಪೀಕರ್ ಒತ್ತಿದೆ.

"ಎಂತಾಯ್ತು ತಮ್ಮ?"

"ಹೋಯ್ತು ಅಕ್ಕ. ಪಿಸ್ಟನ್ ಕಚ್ಚಿದೆ."

"ಅಯ್ಯೋ ದೇವರೇ," ಎಂದಳು. ಆಮೇಲೆ ನಕ್ಕಳು. "ನಾನು ಅವತ್ತು ತಮಾಷೆಗೆ ಹೇಳಿದ್ದು ಮಾರಾಯ. ನೀನು ಮಾಡಿಯೇ ಬಿಟ್ಟಿಯಲ್ಲ. ಬಾ, ನಿನಗೆ ಕಾಣೆ ಮೀನು ಫ್ರೈ ಮಾಡ್ತೇನೆ."

ಭಾವ ನನ್ನ ಹಿಂದೆಯೇ ಟ್ರೇಲರಿಗೆ ಹಗ್ಗ ಕಟ್ಟುತ್ತಿದ್ದರು. ಗಂಟು ಹಾಕುತ್ತಿದ್ದ ಕೈ ನಿಂತಿತು. ಮತ್ತೆ ಶುರುವಾಯಿತು.

ಒಂಬತ್ತನೇ ಮಹಡಿ

ಆ ಬಿಲ್ಡಿಂಗಿನ ಕಾರ್ ಪಾರ್ಕಿನಲ್ಲಿ ಗಾಡಿ ರಿಪೇರಿ ಮಾಡುವ ಹಾಗಿಲ್ಲ, ಬೋರ್ಡು ಹಾಕಿದ್ದಾರೆ. ಮನೆಯೊಳಗೆ ಮಾಡಬಾರದು ಅಂತ ಬೋರ್ಡು ಇಲ್ಲ. ಎಂಜಿನ್ ಬಿಚ್ಚಿ, ಬಸವರಾಜರ ಬೆಡ್‌ಶೀಟ್ ಮುಚ್ಚಿ, ಸೂಪರ್‌ಮಾರ್ಕೆಟಿನ ಟ್ರಾಲಿಯಲ್ಲಿ ಲಿಫ್ಟಿಗೆ ತಂದೆವು. ಒಳಗೆ ಒಬ್ಬಳು ಚೀನಾದ ಅಜ್ಜಿ, ಕೈಯಲ್ಲಿ ಬಸಳೆಯಂಥ ಸೊಪ್ಪು. ಪೆಟ್ರೋಲ್ ವಾಸನೆ ಮುಚ್ಚಲು ಬೆಡ್‌ಶೀಟಿಗೆ ಆಗುವುದಿಲ್ಲ. ಅವಳು ಟ್ರಾಲಿ ನೋಡಿದಳು, ಬಸವರಾಜರನ್ನು ನೋಡಿದಳು.

"ಫ್ರೆಂಡ್ ಲಗೇಜ್," ಎಂದರು ಬಸವರಾಜ್.

ಅಜ್ಜಿ ಬೆಡ್‌ಶೀಟಿನ ತುದಿ ಎತ್ತಿ ಒಮ್ಮೆ ಇಣುಕಿ, ಮತ್ತೆ ಸರಿಯಾಗಿ ಮುಚ್ಚಿ, ನಮ್ಮ ಪರವಾಗಿ ಒಂಬತ್ತು ಒತ್ತಿದಳು.

ಬಾಲ್ಕನಿಯಲ್ಲಿ ಬಿಚ್ಚಿದೆ. ಎರಡು ಸಿಲಿಂಡರಿನಲ್ಲಿ ಒಂದು ಸರಿಯಿತ್ತು. ಇನ್ನೊಂದರ ಪಿಸ್ಟನ್ನಿನ ಮೇಲೆ ನಾಲ್ಕು ಕಡೆ ಬೆಕ್ಕು ಪರಚಿದಂಥ ಗೆರೆ. ಎಣ್ಣೆ ಕಡಿಮೆಯಾಗಿ ಕಚ್ಚಿದ್ದರೆ ಸುತ್ತಲೂ ಉಜ್ಜಿರಬೇಕು. ಇದು ಹಾಗಲ್ಲ. ಇಂಥದ್ದು ನಾನು ನೋಡಿಯೇ ಇರಲಿಲ್ಲ.

ಭಾವ ಒಳಗೆ ಸಿಂಕಿನಲ್ಲಿ ಲೋಟ ತೊಳೆಯುತ್ತಿದ್ದರು. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದರು. ನನಗೆ ತಡೆಯಲಿಲ್ಲ.

"ಭಾವ, ನಾನು ಬೇಕಂತ ಮಾಡಿದ್ದಲ್ಲ."

"ನಾನು ಎಂತ ಹೇಳಿದೆ?"

"ಹೇಳಿಲ್ಲ. ಅದೇ ಕಷ್ಟ. ಅಕ್ಕ ಹೇಳಿದ್ದು ನಿಮಗೆ ಕೇಳಿದೆ. ನಾನು ಅಕ್ಕನಿಗಾಗಿ ಮಾಡಿದ್ದಲ್ಲ. ಇದು ಯಾಕೆ ಕಚ್ಚಿತು ಅಂತ ನನಗೆ ಗೊತ್ತಿಲ್ಲ."

ಎಂಜಿನ್ನಿನ ಎದುರು ನಿಂತು ಆ ಮಾತನ್ನು ನಾನು ಹುಟ್ಟಿದ ಮೇಲೆ ಹೇಳಿರಲಿಲ್ಲ. ಬಾಯಲ್ಲಿ ಕಬ್ಬಿಣದ ರುಚಿ ಬಂತು. ಬೇಕಂತಲೇ ಮಾಡಿದೆ ಅಂದಿದ್ದರೆ ಮಲ್ಪೆಯಲ್ಲಿ ಮರ್ಯಾದೆ ಉಳಿಯುತ್ತಿತ್ತು. ಕೆಲಸ ಗೊತ್ತಿಲ್ಲದವನು ಅನ್ನುವುದಕ್ಕಿಂತ ಮೋಸಗಾರ ಅನ್ನುವುದೇ ವಾಸಿ, ನಮ್ಮ ಬಂದರಿನಲ್ಲಿ.

ಭಾವ ಲೋಟ ಕೆಳಗಿಟ್ಟರು.

"ಗೊತ್ತಿಲ್ಲ ಅಂತ ನೀನು ಹೇಳಿದ್ದು ನಾನು ಇವತ್ತೇ ಕೇಳಿದ್ದು," ಎಂದರು. "ಹಾಗಾದ್ರೆ ನಿಜ. ಸುಳ್ಳಾದ್ರೆ ನೀನು ಬೇರೆ ಯಾವುದಾದ್ರೂ ಕಾರಣ ಹೇಳ್ತಿದ್ದಿ."

ಸೋಫಾದಲ್ಲಿದ್ದ ಬಸವರಾಜ್ ಟಿವಿ ಸಣ್ಣಗೆ ಮಾಡಿದರು. "ಮುಗೀತಲ್ರೀ ನಿಮ್ದು? ಈಗ ಅಂವಗ ಗೊತ್ತಿಲ್ಲ, ನಿಮಗ ಗೊತ್ತಿಲ್ಲ. ಯಾರಿಗ್ ಗೊತ್ತೈತಿ ಅವ್ರನ್ನ ಕೇಳ್ರಲಾ. ಮಾರಿದಾಕಿ ಇದ್ದಾಳಲ್ಲ, ಮುದುಕಿ."

ಮರ್ಲೀನ್‌ನ ಶೆಡ್ಡು, ಶುಕ್ರವಾರ

ಮರ್ಲೀನ್‌ಗೆ ಎಪ್ಪತ್ತು ದಾಟಿದೆ. ಬೆಟ್ಟದಲ್ಲಿ ಹಿಮದಲ್ಲಿ ಸಿಕ್ಕಿಕೊಂಡವರನ್ನು ಸ್ನೋಮೊಬೈಲಿನಲ್ಲಿ ಹೊತ್ತು ತರುವ ಕೆಲಸ ಮಾಡಿದವಳು. ಈಗ ಶೆಡ್ಡಿನ ತುಂಬ ಹಳೆಯ ಎಂಜಿನ್ ಇಟ್ಟುಕೊಂಡು ಒಬ್ಬಳೇ ಇದ್ದಾಳೆ. ನಾನು ಆಂಟಿ ಎಂದೆ. ತಾನು ಯಾರ ಆಂಟಿಯೂ ಅಲ್ಲ, ಮರ್ಲೀನ್ ಎನ್ನು ಎಂದಳು. ಅಮ್ಮನಿಗಿಂತ ದೊಡ್ಡವಳನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ತಿರುಗಲಿಲ್ಲ. ಕೊನೆಗೆ ಏನೂ ಕರೆಯದೆ ಕೈ ತೋರಿಸಿ ಮಾತಾಡಿದೆ. ಅವಳ ಇಂಗ್ಲಿಷ್ ಅರ್ಧ ನನಗೆ ಅರ್ಥವಾಗಲಿಲ್ಲ, ಆದರೆ ಪಿಸ್ಟನ್ ಹಿಡಿದವರ ಕೈಗೆ ಇಂಗ್ಲಿಷ್ ಬೇಡ.

ಪಿಸ್ಟನ್ನನ್ನು ಬೆಳಕಿಗೆ ತಿರುಗಿಸಿ ನೋಡಿದಳು. ನಾಲ್ಕು ಗೆರೆಗಳನ್ನು ಬೆರಳಿಟ್ಟು ಎಣಿಸಿದಳು. ನನ್ನ ಮುಖ ನೋಡಿದಳು.

"ಥರ್ಮೋಸ್ಟಾಟ್ ಎಲ್ಲಿ?"

"ಡಸ್ಟ್‌ಬಿನ್," ಎಂದೆ.

ನಗಲು ಶುರು ಮಾಡಿದವಳು ಸ್ಟೂಲಿನ ಮೇಲೆ ಕೂತು ನಕ್ಕಳು. ಆಮೇಲೆ ಎರಡೂ ಕೈಯಲ್ಲಿ ತೋರಿಸಿಕೊಟ್ಟಳು. ಒಂದು ಮುಷ್ಟಿ ಪಿಸ್ಟನ್, ಅದರ ಸುತ್ತ ಹಿಡಿದ ಇನ್ನೊಂದು ಕೈ ಸಿಲಿಂಡರ್. ಪೂರ್ತಿ ವೇಗ ಕೊಟ್ಟಾಗ ಪಿಸ್ಟನ್ ಬಿಸಿಯಾಗಿ ಉಬ್ಬುತ್ತದೆ. ಸಿಲಿಂಡರೂ ಅದರ ಜೊತೆಗೆ ಬಿಸಿಯಾಗಿ ಜಾಗ ಕೊಡಬೇಕು. ಆದರೆ ಅದರ ಸುತ್ತ ಐಸಿನಂಥ ನೀರು ಸುರಿಯುತ್ತಿದ್ದರೆ ಅದು ಕುಗ್ಗಿಯೇ ಇರುತ್ತದೆ. ಕೈಯನ್ನು ಮುಷ್ಟಿಯ ಮೇಲೆ ಬಿಗಿ ಹಿಡಿದಳು. ಕಚ್ಚಿತು.

ನಮ್ಮ ಸಮುದ್ರದ ನೀರು ವರ್ಷವಿಡೀ ಸ್ನಾನದ ನೀರಿನ ಹಾಗಿರುತ್ತದೆ. ಅದಕ್ಕೇ ಎಷ್ಟು ಹೋದರೂ ಒಳ್ಳೆಯದು. ನಮ್ಮ ಗುರುಗಳ ಪಾಠ ತಪ್ಪಲ್ಲ. ಅದು ಮಲ್ಪೆಯ ಪಾಠ, ಅಷ್ಟೇ. ನಾನು ಅದನ್ನು ಪ್ರಪಂಚದ ಪಾಠ ಅಂದುಕೊಂಡಿದ್ದೆ.

ಒಂದು ಬಿಸ್ಕತ್ ಡಬ್ಬಿಯಿಂದ ಹಳೆಯ ಪಿಸ್ಟನ್ ಒಂದನ್ನು ಹುಡುಕಿ ಕೊಟ್ಟಳು. ಸಿಲಿಂಡರಿನ ಗೋಡೆಗೆ ಅಂಟಿದ ಅಲ್ಯೂಮಿನಿಯಂ ಕರಗಿಸಲು ನೆಲ ತೊಳೆಯುವ ಆಸಿಡ್ಡನ್ನು ಹತ್ತಿಯಲ್ಲಿ ಸ್ವಲ್ಪ ಸ್ವಲ್ಪವೇ ಹಚ್ಚು ಎಂದಳು. ಗ್ಲೌಸು, ಕನ್ನಡಕ ಹಾಕಿಸಿ, ಎದುರು ನಿಂತು ಮಾಡಿಸಿದಳು. ನೊರೆ ಬಂತು, ಒರೆಸಿದರೆ ಕೆಳಗೆ ಗೋಡೆ ಕನ್ನಡಿಯ ಹಾಗೆ ಹೊಳೆಯಿತು. ಆದರೆ ಆ ಸೈಜಿನ ಥರ್ಮೋಸ್ಟಾಟ್ ಅವಳ ಹತ್ತಿರವೂ ಇರಲಿಲ್ಲ. ಹೊರದೇಶದಿಂದ ತರಿಸಲು ಮೂರು ವಾರ. ರೇಸ್ ಭಾನುವಾರ.

ಭಾವ ಅಕ್ಕನಿಗೆ ಫೋನ್ ಮಾಡಿದರು.

"ವನಿತಾ, ಗ್ಯಾರೇಜಿನ ಡಸ್ಟ್‌ಬಿನ್ ಲಾರಿಯವರು ತಗೊಂಡು ಹೋದ್ರಾ?"

"ಮಂಗಳವಾರವೇ ಹೋಯ್ತಲ್ಲ."

"ಅದರಲ್ಲಿ ಹಿತ್ತಾಳೆದ್ದು ಒಂದು ಇತ್ತು. ದುಂಡಗೆ. ಸ್ಪ್ರಿಂಗ್ ಇರುವುದು."

"ಅದಾ? ಚಂದ ಇತ್ತು ಅಂತ ತೆಗೆದಿಟ್ಟೆ. ಮೇಲೆ ಸಣ್ಣ ತೂತು ಉಂಟಲ್ಲ, ಊದುಬತ್ತಿ ಸರೀ ನಿಲ್ತದೆ. ದೇವರ ಎದುರು ಇಟ್ಟಿದ್ದೇನೆ. ಎಂತಕ್ಕೆ ನಿಮಗೆ?"

ಭಾವ ಹೇಳಿದರು. ಅದಿಲ್ಲದಿದ್ದರೆ ದೋಣಿ ಓಡುವುದಿಲ್ಲ ಅಂತ ಪೂರ್ತಿ ಹೇಳಿದರು. ಸುಳ್ಳು ಹೇಳಲು ಅವರಿಗೆ ಬರುವುದಿಲ್ಲ. ಗ್ಯಾರೇಜಿನ ಹಣೆಬರಹ ಈಗ ಅಕ್ಕನ ಪೂಜಾ ಸ್ಟ್ಯಾಂಡಿನಲ್ಲಿ ಊದುಬತ್ತಿ ಹೊಗೆ ಕುಡಿಯುತ್ತಾ ಕೂತಿತ್ತು.

"ನೋಡುವಾ," ಎಂದು ಅಕ್ಕ ಫೋನ್ ಇಟ್ಟಳು.

ಶನಿವಾರ, ಚಹಾ ಪಾತ್ರೆ

ಮಧ್ಯಾಹ್ನ ಬಾಕ್ಸ್ ಹಿಲ್‌ನ ಮನೆಯ ಬೆಲ್ ಆಯಿತು. ಅಕ್ಕ. ಶನಿವಾರದ ಆರ್ಡರ್ ಎಲ್ಲ ಬಿಟ್ಟು ವಿಮಾನದಲ್ಲಿ ಬಂದಿದ್ದಳು. ಒಂದು ಕೈಯಲ್ಲಿ ರೊಟ್ಟಿಯ ಡಬ್ಬಿ. ಇನ್ನೊಂದು ಕೈಯಲ್ಲಿ ಒಂದು ಮಸಾಲೆ ಡಬ್ಬಿ, ಅದರೊಳಗೆ ಥರ್ಮೋಸ್ಟಾಟ್, ಬೂದಿ ಸಮೇತ.

"ಏರ್‌ಪೋರ್ಟಿನಲ್ಲಿ ಇದೇನು ಅಂತ ಕೇಳಿದ್ರು. ದೇವರದ್ದು ಅಂದೆ. ಮುಟ್ಟಲೇ ಇಲ್ಲ."

"ಅಕ್ಕ, ಗ್ಯಾರೇಜ್?" ಎಂದೆ.

"ಗ್ಯಾರೇಜ್ ಬಿಡು. ನನ್ನ ತಮ್ಮ ಕೈ ಹಾಕಿದ ಎಂಜಿನ್ ಹಾಳಾಯ್ತು ಅಂತ ಮಲ್ಪೆಗೆ ಸುದ್ದಿ ಹೋದ್ರೆ ನಾಡಿದ್ದು ಯಾರು ನಿನಗೆ ದೋಣಿ ಕೊಡ್ತಾರೆ? ಗ್ರೈಂಡರ್ ಪ್ಯಾಸೇಜಲ್ಲೇ ಸಾಯ್ಲಿ." ಆಮೇಲೆ ಭಾವನ ಕಡೆ ತಿರುಗಿದಳು. "ನೀವು ನಗಾಡ್ಬೇಡಿ."

ಭಾವ ನಗಾಡುತ್ತಿರಲಿಲ್ಲ.

ಊದುಬತ್ತಿಯ ಬೂದಿ ಕೂತ ಬಾಗಿಲು ತೆರೆಯುತ್ತದೋ ಇಲ್ಲವೋ ನೋಡಬೇಕಿತ್ತು. ಅದಕ್ಕೆ ಒಂದೇ ದಾರಿ. ಬಸವರಾಜರ ಚಹಾ ಪಾತ್ರೆಯಲ್ಲಿ ನೀರು ಇಟ್ಟು, ತೊಳೆದ ಥರ್ಮೋಸ್ಟಾಟನ್ನು ದಾರದಲ್ಲಿ ಇಳಿಬಿಟ್ಟೆ. ಭಾವ ಥರ್ಮೋಮೀಟರ್ ಹಿಡಿದು ಗಟ್ಟಿಯಾಗಿ ನಂಬರ್ ಓದಿದರು. ನಾನು ನನ್ನ ಕ್ರಮದಲ್ಲಿ ಪಾತ್ರೆಗೆ ಬೆರಳು ಮುಟ್ಟಿಸಿ ನೋಡುತ್ತಿದ್ದೆ. ನಾಲ್ಕು ತಲೆ ಒಂದು ಪಾತ್ರೆಯ ಮೇಲೆ.

"ನನ್ ಚಹಾ ಪಾತ್ರಿ ರೀ ಅದು," ಎಂದರು ಬಸವರಾಜ್. "ನಾಳಿಂದ ನಾ ಯಾತರಾಗ ಚಹಾ ಕುಡೀಲಿ?"

"ಸುಮ್ನಿರಿ ಅಣ್ಣ," ಎಂದಳು ಅಕ್ಕ.

ನೀರಿನ ತಳದಲ್ಲಿ ಗುಳ್ಳೆ ಎದ್ದಿತು. ಬೆರಳು ಇಡಲು ಆಗದಷ್ಟು ಬಿಸಿಯಾಯಿತು. ಬಾಗಿಲು ಅಲ್ಲಾಡಲಿಲ್ಲ. ಭಾವ ಇನ್ನೊಂದು ನಂಬರ್ ಓದಿದರು. ಹಿತ್ತಾಳೆಯ ಅಂಚಿನಲ್ಲಿ ಕೂದಲಿನಷ್ಟು ಕಪ್ಪು ಗೆರೆ ಕಾಣಿಸಿತು. ಗೆರೆ ಅಗಲವಾಯಿತು. ಒಳಗಿನಿಂದ ಒಂದು ಚೂರು ಬೂದಿ ಹೊರಬಿತ್ತು, ಬಾಗಿಲು ಪೂರ್ತಿ ತೆರೆಯಿತು.

ಅಕ್ಕ ಅಭ್ಯಾಸಬಲದಿಂದ ಕೈ ಮುಗಿದಳು.

ಭಾನುವಾರ

ಏಳು ದೋಣಿ. ಒಂದಕ್ಕೆ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್, ಒಂದಕ್ಕೆ ಹಳೆಯ ಬೈಕಿನದು. ಪರೀಕ್ಷೆ ಮಾಡುವವನು ನಮ್ಮ ದೋಣಿಯ ಮಂಚದ ಪಟ್ಟಿಯನ್ನು ತಟ್ಟಿ ನೋಡಿ, ಕ್ವೀನ್ ಸೈಜೋ ಸಿಂಗಲ್ಲೋ ಎಂದು ಕೇಳಿದ. ಡ್ರೈವರ್ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಲಿ ಅಂತ ಅವನ ಸೊಂಟಕ್ಕೆ ಕಟ್ಟುವ ಹಗ್ಗ ಎಳೆದ, ಎಂಜಿನ್ ನಿಂತಿತು, ಟಿಕ್ ಹಾಕಿದ.

ನಾನು ಭಾವನಿಗೆ ಹೇಳಿದ್ದು ಒಂದೇ. "ಸಿಲಿಂಡರಿನ ತಲೆಗೆ ಕೈ ಇಡಿ. ಬಿಸಿ ಚಹಾದ ಲೋಟದಷ್ಟು ಆಗುವವರೆಗೆ ಪೂರ್ತಿ ಕೊಡ್ಬೇಡಿ. ಎಲ್ಲರೂ ಹೋಗ್ಲಿ. ನೀವು ಕಾಯಿರಿ."

ಬಾವುಟ ಬಿತ್ತು. ಆರು ದೋಣಿ ಹಾರಿದವು. ಭಾವ ಕೈ ಇಟ್ಟು ಕೂತರು, ನಾಡಿ ನೋಡುವ ಡಾಕ್ಟರ ಹಾಗೆ. ದಡದಲ್ಲಿ ಜನ ನಗಾಡಿದರು. ಅಕ್ಕ ತುಳುವಿನಲ್ಲಿ ಬಯ್ಯತೊಡಗಿದಳು. ಆಮೇಲೆ ಅವರು ಕೈ ತೆಗೆದರು.

ಆ ಶಬ್ದ ಬರೆಯಲು ನನಗೆ ಬರುವುದಿಲ್ಲ. ದೊಡ್ಡ ಬಟ್ಟೆಯನ್ನು ಒಂದೇ ಎಳೆತಕ್ಕೆ ಹರಿದ ಹಾಗೆ ಅನ್ನಬಹುದು. ಮೊದಲ ಸುತ್ತು. ಎರಡನೇ ಸುತ್ತಿನಲ್ಲಿ ಹುಲ್ಲಿನ ಯಂತ್ರ ಸುಸ್ತಾಗಿ ನಿಂತಿತು, ಭಾವ ಅದನ್ನು ದಾಟಿದರು. ನಾನು ನೋಡುತ್ತಿರಲಿಲ್ಲ. ಕೆರೆಗೆ ಬೆನ್ನು ಹಾಕಿ ಕಿವಿ ಕೊಟ್ಟು ನಿಂತಿದ್ದೆ. ಶಬ್ದ ಎಲ್ಲಿ ನಿಲ್ಲುತ್ತದೋ ಅಂತ. ನಿಲ್ಲಲಿಲ್ಲ. ಅಕ್ಕ ನನ್ನ ಬೆನ್ನಿಗೆ ಗುದ್ದಿದಾಗ ಗೆರೆ ದಾಟಿದ್ದು ಗೊತ್ತಾಯಿತು.

ಆರನೆಯದು. ಮರ್ಲೀನ್ ಬಂದಿದ್ದಳು. ಬಂದು ನನ್ನ ಕೈ ಕುಲುಕಿದಳು.

ದಡಕ್ಕೆ ಬಂದ ಭಾವ ಹೆಲ್ಮೆಟ್ ತೆಗೆದರು. ಕೂದಲೆಲ್ಲ ನಿಂತಿತ್ತು. ಅಕ್ಕನ ಹತ್ತಿರ ಬಂದು ಮೊದಲು ಹೇಳಿದ್ದು ಇದು: "ಗ್ರೈಂಡರ್‌ಗೆ ಪ್ಲಗ್ ಪಾಯಿಂಟ್ ಎಡಗಡೆ ಗೋಡೆಯಲ್ಲಿ ಬೇಕಾ, ಬಲಗಡೆಯಾ?"

ಅಕ್ಕ ಮುಖ ತಿರುಗಿಸಿ ರೊಟ್ಟಿ ಡಬ್ಬಿ ಬಿಚ್ಚತೊಡಗಿದಳು. "ಬಲಗಡೆ," ಎಂದಳು.

ಈಗ ಗ್ಯಾರೇಜಿನ ನಡುವೆ ಒಂದು ಸೀಮೆಸುಣ್ಣದ ಗೆರೆ ಉಂಟು, ಆಚೆ ದೋಣಿ, ಈಚೆ ಗ್ರೈಂಡರ್. ಸ್ನೋಮೊಬೈಲಿನ ಸೀಟು ಬಿಚ್ಚಿ ಅಕ್ಕನಿಗೆ ಸ್ಟೂಲು ಮಾಡಿಕೊಟ್ಟು ಬಂದೆ. ಅದರ ಮೇಲೆ ಕೂತು ಅಕ್ಕಿ ರುಬ್ಬುತ್ತಾಳೆ.

ಮಲ್ಪೆ

ನನ್ನ ಶೆಡ್ಡಿನ ಮೂಲೆಯಲ್ಲಿ ಒಂದು ಪೇಂಟ್ ಡಬ್ಬಿ. ಇಷ್ಟು ವರ್ಷ ಯಾರ್ಯಾರದೋ ಎಂಜಿನ್ನಿನಿಂದ ಕಿತ್ತ ಥರ್ಮೋಸ್ಟಾಟುಗಳೆಲ್ಲ ಅದರಲ್ಲಿವೆ, ಗುಜರಿಯವನಿಗೆ ಅಂತ ಇಟ್ಟದ್ದು. ನಮ್ಮ ನೀರಿಗೆ ಅವು ಬೇಡ. ಈಗಲೂ ಕೀಳುತ್ತೇನೆ.

ಮೊನ್ನೆ ಅಕ್ಕ ಫೋನ್ ಮಾಡಿ ಕೇಳಿದಳು, ತನ್ನ ಊದುಬತ್ತಿ ಸ್ಟ್ಯಾಂಡ್ ದೋಣಿಯಲ್ಲೇ ಉಳಿಯಿತು, ಬೇರೆ ಕಳಿಸು ಅಂತ. ಡಬ್ಬಿ ಸುರಿದು, ತೂತು ಸರಿಯಾಗಿರುವುದೊಂದನ್ನು ಆರಿಸಿ, ಹುಣಸೆಹುಳಿಯಲ್ಲಿ ಉಜ್ಜಿದೆ. ಪಾರ್ಸೆಲ್ ಮಾಡುವ ಮೊದಲು ಅಮ್ಮನ ಪಾತ್ರೆಯಲ್ಲಿ ನೀರು ಕಾಯಿಸಿ, ದಾರ ಕಟ್ಟಿ ಇಳಿಬಿಟ್ಟೆ. ಊದುಬತ್ತಿಗೆ ಅದು ಬೇಕಾಗಿಲ್ಲ. ಆದರೂ ನೋಡಿದೆ.

ತೆರೆಯಿತು. ಕಳಿಸಿದೆ.